ನಾಲ್ಕು ವಾರವೋ, ಒಂದು ವರ್ಷವೋ

ಮೊನ್ನೆ ಎದುರುಮನೆಯವರು ಕಾಶ್ಮೀರ ನೋಡಲು ಹೊರಟವರು ನಮ್ಮಲ್ಲಿಗೆ ಬಂದು, "ನಿಮ್ಮ ಮನ್ಯಾಗ ಒಂದ ದಪ್ಪನ್ನ ಕೋಟ ಐತಂತಲ್ರಿ, ವಾರದ ಮಟ್ಟಿಗೆ ಕೊಡ್ತೀರೇನು?" ಎಂದು ಕೇಳಿದರು. ರಾಣೆಬೆನ್ನೂರಿನಂಥ ಊರಿನಲ್ಲಿ ಯಾರ ಮನೆಯಲ್ಲಿ ದಪ್ಪ ಕೋಟಿದೆ ಎಂಬುದು, ಯಾರ ಮನೆಯ ಹುಡುಗಿಗೆ ಮದುವೆ ಗೊತ್ತಾಗಿದೆ ಎಂಬಷ್ಟೇ ಬಹಿರಂಗವಾದ ಸುದ್ದಿ. ಅಟ್ಟದ ಮೇಲಿನ ಟ್ರಂಕಿನಿಂದ ಅದನ್ನು ಇಳಿಸಿದೆ. ಬದನೆಕಾಯಿ ಬಣ್ಣ, ಮೊಣಕಾಲು ದಾಟುವ ಉದ್ದ, ತಟ್ಟೆಯಂಥ ಗುಂಡಿಗಳು, ನುಸಿಗುಳಿಗೆಯ ವಾಸನೆ. ಝಾಡಿಸಿ ಅವರ ಕೈಗೆ ಕೊಟ್ಟು, ಚಹಾ ಕುಡಿಸಿ ಕಳಿಸಿದೆ. ತಿರುಗಿ ತಂದುಕೊಡಲು ಅವಸರ ಮಾಡಬೇಡಿ ಎಂದೂ ಹೇಳಿದೆ. ಆದರೆ ಅದನ್ನು ಮುಟ್ಟಿದ್ದೇ ತಡ, ನನ್ನ ಹದಿನೇಳನೇ ವಯಸ್ಸಿನ ಸಿಟ್ಟೆಲ್ಲ ನೆತ್ತಿಗೇರಿ ಕೂತಿದೆ, ಇಳಿಯಲೊಲ್ಲದು. ಎರಡು ದಿನದಿಂದ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೇನೆ. ನಿಮ್ಮೆದುರು ಹೇಳಿಕೊಂಡರಾದರೂ ಇಳಿದೀತು.

ಆಗ ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮನೆಗೊಂದು ಮೊಬೈಲು ಬಂದಿತ್ತು, ಆದರೆ ಅದು ಸದಾ ಅಪ್ಪನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಅಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ. ರೈತರು ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರು ಹೊತ್ತು ತಂದರೆ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದರು. ಮಾತು ಕಡಿಮೆ. ರೈತ "ಸಂಜಿಗೆ ಆಕ್ಕತೇನ್ರಿ?" ಎಂದರೆ "ನೋಡೂಣು" ಎನ್ನುವರು. ಅವ್ವ "ಬರೋ ವಾರ ಬ್ಯಾಡಗಿಗೆ ಹೋಗೂಣೇನು?" ಎಂದರೂ "ನೋಡೂಣು". ಆ ಒಂದು ಶಬ್ದದಿಂದ ಅವರು ಅಂಗಡಿಯನ್ನೂ ಸಂಸಾರವನ್ನೂ ಅಷ್ಟು ವರ್ಷ ನಡೆಸಿಕೊಂಡು ಬಂದಿದ್ದರು.

ಅಂಥ ಅಪ್ಪ ಒಂದು ದಿನ ದವಡೆಹಲ್ಲು ತುಂಬಿಸಿಕೊಳ್ಳಲು ನಮ್ಮೂರ ಹಲ್ಲಿನ ಡಾಕ್ಟರ ಬಳಿ ಹೋದರು. ಆ ಡಾಕ್ಟರು ಊರಿನ ಗಣ್ಯರ ಒಂದು ಸಂಘದ ಅಧ್ಯಕ್ಷರೂ ಆಗಿದ್ದರು. ಹೊರದೇಶದ ಸಂಘಗಳ ಜೊತೆ ಸೇರಿ ಆ ಸಂಘ ಹುಡುಗ ಹುಡುಗಿಯರನ್ನು ಅಲ್ಲಿಗೆ ಕಳಿಸುವುದು, ಅಲ್ಲಿಯವರನ್ನು ಇಲ್ಲಿಗೆ ಕರೆಸಿಕೊಳ್ಳುವುದು ಮಾಡುತ್ತಿತ್ತು. ಅಪ್ಪ ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದಾಗ ಡಾಕ್ಟರು ಯಂತ್ರ ತಿರುಗಿಸುತ್ತಲೇ, "ನಿಮ್ಮ ಮಗಳು ಶಾಣ್ಯಾ ಅದಾಳಂತ ಕೇಳೇನ್ರಿ. ಡೆನ್ಮಾರ್ಕಿಗೆ ಕಳಸೂಣೇನು? ಹೆಸರ ಬರ್ಕೊಳ್ಳಲ್ಯಾ?" ಎಂದು ಕೇಳಿದರು. ಬಾಯಿ ತುಂಬ ಹತ್ತಿಯಿದ್ದ ಅಪ್ಪ ಜೀವನದಲ್ಲಿ ಮೊದಲ ಸಲ "ನೋಡೂಣು" ಎನ್ನಲಾಗದೆ "ಆಂ" ಎಂದರು. ಅದು ನೋವಿನ "ಆಂ" ಎಂದು ಅಪ್ಪ ಕೊನೆಯವರೆಗೂ ವಾದಿಸಿದರು. ಡಾಕ್ಟರು ಮಾತ್ರ ಒಪ್ಪಿಗೆಯೆಂದೇ ತಿಳಿದು ನನ್ನ ಹೆಸರು ಬರೆದುಕೊಂಡುಬಿಟ್ಟಿದ್ದರು.

ಹೀಗಾಗಿ ಹಾವೇರಿಯಲ್ಲಿ ನನ್ನ ಸಂದರ್ಶನ. ಅಪ್ಪನ ಜೊತೆ ಬಸ್ಸಿನಲ್ಲಿ ಹೋದೆ. ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಸಂಘದ ಹಿರಿಯರು ಸಾಲಾಗಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ಅವರಲ್ಲೊಬ್ಬರು ವಿಷಯ ವಿವರಿಸಿದರು. ಎರಡು ದಾರಿಗಳಿದ್ದವು. ಒಂದು, ನಾಲ್ಕು ವಾರದ ಬೇಸಿಗೆ ಕಾರ್ಯಕ್ರಮ. ಇನ್ನೊಂದು, ಒಂದು ಶಾಲಾವರ್ಷ ಪೂರ್ತಿ ಅಲ್ಲಿಯ ಮನೆಯೊಂದರಲ್ಲಿ ಇದ್ದು, ಅಲ್ಲಿಯ ಶಾಲೆಗೆ ಹೋಗುವ ದೀರ್ಘ ವಿನಿಮಯ. ಎರಡನೇ ಪಿಯುಸಿ ಪರೀಕ್ಷೆ ಬರೆದ ಮೇಲೆ ಹೊರಡುವುದು. "ಯಾವುದಕ್ಕ ಹೋಗ್ತಿ?" ಎಂದು ಕೇಳಿದರು.

"ವರ್ಷದ್ದಕ್ಕ್ರಿ," ಎಂದೆ. ಬಾಯಿ ತಾನಾಗಿ ಹೇಳಿತು. ನಾನು ಅಷ್ಟು ಧೈರ್ಯದವಳೇನಲ್ಲ. ಚಿಕ್ಕವಳಿದ್ದಾಗ ರಜೆಗೆಂದು ಬ್ಯಾಡಗಿಯ ಸೋದರಮಾವನ ಮನೆಯಲ್ಲಿ ಬಿಟ್ಟರೆ ಮರುದಿನವೇ ಜ್ವರ ಬರಿಸಿಕೊಂಡು, ಮಾವನ ಸ್ಕೂಟರಿನ ಮುಂದೆ ನಿಂತು ತಿರುಗಿ ಬಂದವಳು. ರಾಣೆಬೆನ್ನೂರಿನಿಂದ ಬ್ಯಾಡಗಿ ಎಷ್ಟು ದೂರ ಎಂದು ನಿಮಗೆ ಗೊತ್ತಿದೆ; ರೈಲಿನಲ್ಲಿ ಕೂತು ಸೀಟು ಬೆಚ್ಚಗಾಗುವುದರೊಳಗೆ ಇಳಿಯಬೇಕು. ಆದರೂ ಅಂದು ಆ ಭಜಿಯ ವಾಸನೆಯ ನಡುವೆ "ವರ್ಷದ್ದಕ್ಕ್ರಿ" ಎಂದೆ, ಮತ್ತು ಹೇಳಿದ ಮೇಲೆ ಅದು ಖರೆಯೆನ್ನಿಸಿತು.

ಹಿರಿಯರು ಅಪ್ಪನ ಕಡೆ ನೋಡಿದರು. "ನೋಡೂಣ್ರಿ," ಎಂದರು ಅಪ್ಪ.

ನಾನು ಆಯ್ಕೆಯಾದೆ. ಜೊತೆಗೊಂದು ಶರತ್ತು: ನಾನು ಹೋಗುವ ಮೊದಲು, ಬರುವ ಜುಲೈನಲ್ಲಿ, ಡೆನ್ಮಾರ್ಕಿನ ಒಬ್ಬ ಹುಡುಗಿ ನಾಲ್ಕು ವಾರದ ಕಾರ್ಯಕ್ರಮದಲ್ಲಿ ನಮ್ಮ ಮನೆಗೆ ಬಂದಿರುವಳು. ಆಕೆ ತಿರುಗಿ ಹೋಗುವುದರೊಳಗೆ ನಾನು ಗಿಡ್ಡದ್ದಕ್ಕೋ ಉದ್ದದ್ದಕ್ಕೋ ಎಂದು ಡಾಕ್ಟರಿಗೆ ತಿಳಿಸಬೇಕು.

ಅಲ್ಲಿಂದ ಶುರುವಾಯಿತು ನೋಡಿ. ನಮ್ಮ ಮನೆಯಲ್ಲಿ ಒಂದು ಪ್ರೆಷರ್ ಕುಕ್ಕರು ಕೊಳ್ಳುವುದಕ್ಕೂ ಬ್ಯಾಡಗಿಯಿಂದ ಅಪ್ಪಣೆಯಾಗಬೇಕು. ಅವ್ವನ ಅಣ್ಣ ಶಿವಣ್ಣ ಮಾವ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ. ಅಂಗಡಿಯ ಹೊಸ್ತಿಲು ದಾಟುತ್ತಿದ್ದಂತೆ ನಮಗೆಲ್ಲ ಸೀನು ಸುರುವಾಗುತ್ತಿತ್ತು. ಮಾವ ಮಾತ್ರ ಕೆಂಪು ರಾಶಿಗಳ ನಡುವೆ ಕೂತು, ಮುಷ್ಟಿ ಕಾಯಿಯನ್ನು ಮೂಗಿನ ಹತ್ತಿರ ಹಿಡಿದು ಮಲ್ಲಿಗೆ ಮೂಸಿದಂತೆ ಮೂಸುವನು. ಅಂದೂ ನಾವು ಕಣ್ಣು ಮೂಗು ಒರೆಸಿಕೊಳ್ಳುತ್ತ ಎದುರು ಕೂತೆವು. ಅವ್ವ ವಿಷಯ ಹೇಳಿದಳು.

"ಅಲ್ಲಿ ಮೆಣಸಿನಕಾಯಿ ತಿಂತಾರೇನು?" ಮಾವನ ಮೊದಲ ಪ್ರಶ್ನೆ.

"ಅಷ್ಟಾಗಿ ತಿನ್ನೂದಿಲ್ಲಂತ, ಮಾವಾ," ಎಂದೆ.

"ಹಂಗಾರ ವರ್ಷಗಟ್ಟಲೆ ಇದ್ದು ಏನ ಮಾಡ್ತಿ? ನಾಲ್ಕ ವಾರ ಸಾಕು. ಬ್ಯಾಸಗೀ ಸೂಟಿಯಾಗ ಹೋಗು, ನೋಡು, ಬಾ."

"ಅವರ ಬೇಸಿಗೆ ನಮ್ಮ ಮಳೆಗಾಲದಾಗ ಬರ್ತೈತಿ, ಮಾವಾ. ಏಪ್ರಿಲ್ ಮೇ ಅಲ್ಲ."

ಮಾವ ನನ್ನ ಮುಖವನ್ನು ಮರುಕದಿಂದ ನೋಡಿದ. "ಬ್ಯಾಸಗಿ ಅಂದ್ರ ಬ್ಯಾಸಗಿನs. ಅದು ಮಳಿಗಾಲದಾಗ ಹೆಂಗ ಬರ್ತೈತಿ?" ಎಂದ. ಭೂಮಿ, ಸೂರ್ಯ, ಅಕ್ಷ ಎಂದೆಲ್ಲ ವಿವರಿಸಲು ಹೋದೆ. ನಡುವೆ ಸೀನು ಬಂದು ಭೂಗೋಳ ಅರ್ಧಕ್ಕೇ ನಿಂತಿತು. "ನಾಲ್ಕ ವಾರ," ಎಂದು ಮಾವ ಗಟ್ಟಿ ಮಾಡಿದ. ಅವ್ವನಿಗೆ ಬೇಕಾಗಿದ್ದದ್ದೂ ಅದೇ. ನಾನು ಹಾವೇರಿಯಲ್ಲಿ ಏನು ಹೇಳಿ ಬಂದಿದ್ದೇನೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ.

ನಾಲ್ಕು ವಾರ ಎಂದು ತೀರ್ಪು ಕೊಟ್ಟ ಇದೇ ಮಾವ, ಉರಿಬಿಸಿಲಿನ ಏಪ್ರಿಲಿನಲ್ಲಿ ಹುಬ್ಬಳ್ಳಿಗೆ ಹೋದವನು ಆ ಬದನೆಕಾಯಿ ಬಣ್ಣದ ಕೋಟು ತಂದ. ಬೇಸಿಗೆಯಲ್ಲಿ ಕೋಟು ಸೋವಿಯಂತೆ, ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ.

"ನಾಲ್ಕ ವಾರ ಹೋಗಾಕ ಇದ್ಯಾಕೋ ಅಣ್ಣಾ? ಅವಾಗ ಅಲ್ಲಿ ಬಿಸಲ ಇರತೈತಂತ," ಎಂದಳು ಅವ್ವ. ಭೂಗೋಳ ಆಕೆಗಾದರೂ ತಲುಪಿತ್ತು.

"ಇರ್ಲಿ ಬಿಡು. ಹೋಗದಿದ್ರೂ ಮನ್ಯಾಗ ಒಂದ ಕೋಟ ಇರ್ಬೇಕು."

ಕೋಟು ಮನೆಗೆ ಬಂದ ದಿನದಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಬಂದವರೆಲ್ಲ ಅದನ್ನು ನೋಡಬೇಕು. ಅದನ್ನು ಹಾಗೇ ತೋರಿಸಿದರೆ ಆಗುವುದಿಲ್ಲ, ನಾನು ತೊಟ್ಟು ತೋರಿಸಬೇಕು. ಹಂಚಿನ ಮೇಲಿನ ರೊಟ್ಟಿಯ ಹಾಗೆ ಮನೆ ಕಾದಿರುವಾಗ ನಾನು ಮೊಣಕಾಲಿನವರೆಗೆ ಉಣ್ಣೆ ತೊಟ್ಟು ಅತ್ತ ತಿರುಗಿ ಇತ್ತ ತಿರುಗಿ ನಿಲ್ಲುತ್ತಿದ್ದೆ. ಕೋಟು ನೋಡಿದವರೆಲ್ಲ, "ಅಂದ್ರ ವರ್ಷಕ್ಕ ಹೊಂಟಂಗಾತು" ಎಂದು ಲೆಕ್ಕ ಹಾಕುವರು. ಅವ್ವ "ಇಲ್ರಿ, ನಾಲ್ಕ ವಾರ" ಎನ್ನುವಳು. "ಮತ್ತ ಕೋಟ?" ಎನ್ನುವರು ಅವರು. ಅಲ್ಲಿಗೆ ಮಾವನ ಹುಬ್ಬಳ್ಳಿ ಪ್ರಯಾಣದ ಕಥೆ ಮೊದಲಿನಿಂದ ಶುರುವಾಗುವುದು. ನಾನು ಒಳಗೆ ಬೆವರುತ್ತ ನಿಂತಿರುವುದು.

ಪಕ್ಕದ ಮನೆಯ ಖೈರೂನ್ ಚಾಚಿ ಒಬ್ಬಳೇ ಹೊರದೇಶದ ವಿಷಯದಲ್ಲಿ ಅನುಭವಸ್ಥೆ. ಅವಳ ತಮ್ಮ ದುಬೈಯಲ್ಲಿದ್ದ. ಅವಳಾದರೂ ನನ್ನ ಪರ ಆಡಬಹುದೆಂದು ಅವಳ ಮುಂದೆ ಕೂತು ಗೋಳು ತೋಡಿಕೊಂಡೆ. ಚಾಚಿ ಎಲ್ಲ ಕೇಳಿ, ನನ್ನ ತಲೆ ಸವರಿ, ನೇರ ಅವ್ವನ ಹತ್ತಿರ ಹೋಗಿ ಹೇಳಿದಳು: "ಕಮಲಾ, ನಾ ಖರೇ ಹೇಳ್ತೇನಿ ನೋಡು. ಹೋದವರು ಮೊದಲ ಆರ ತಿಂಗಳ ಅಳತಾರ. ಆಮ್ಯಾಲೆ ನಾವ ಅಳಬೇಕು, ಅವರ ಬರಂಗಿಲ್ಲ. ನನ್ನ ತಮ್ಮನ್ನ ನೋಡು, ಬಿರಿಯಾನಿ ವಾಸನಿ ನೆನಿಸಿದ್ರ ಕಣ್ಣೀರ ಬರ್ತಾವಂತಿದ್ದಾವ, ಈಗ ಈದ್‌ಗೂ ಫೋನ್‌ದಾಗs ಮುಬಾರಕ್ ಹೇಳ್ತಾನ."

ಅವ್ವ ಅಂದು ಊಟ ಮಾಡಲಿಲ್ಲ. ನಾನು ಸಿಟ್ಟಿನಿಂದ ಎರಡು ಪಾಲು ಉಂಡೆ.

ಜುಲೈ ಬಂತು, ಮಳೆ ಬಂತು, ಡೆನ್ಮಾರ್ಕಿನ ಹುಡುಗಿಯೂ ಬಂದಳು. ಡಾಕ್ಟರು ಕಾರಿನಲ್ಲಿ ತಂದು ಬಿಟ್ಟುಹೋದರು. ನನ್ನದೇ ವಯಸ್ಸು, ನನಗಿಂತ ಒಂದೂವರೆ ಪಟ್ಟು ಎತ್ತರ, ಬೆನ್ನಿನ ಮೇಲೆ ಬೆನ್ನಿಗಿಂತ ದೊಡ್ಡ ಚೀಲ. ಹೆಸರು ಮೆಟ್ಟೆ. ಅವ್ವ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಏನಂದ್ಲು ಹೆಸರು?"

"ಮೆಟ್ಟೆ."

"ಅತಿಥಿಯಾಗಿ ಬಂದ ಹೆಣ್ಣಮಗಳನ್ನ ಮೆಟ್ಟ ಅಂತ ಕರೀಲೇನು? ಕಾಲಾಗ ಹಾಕ್ಕೊಳ್ಳೂದನ್ನ? ನನ್ನ ಬಾಯಾಗ ಅದು ಬರಂಗಿಲ್ಲ."

ಅಂದಿನಿಂದ ಅವಳು ಮಲ್ಲಿಯಾದಳು. ಅವಳಿಗೂ ಅದು ಇಷ್ಟವಾಯಿತು. ಮನೆಯಲ್ಲಿ ಬಾಗಿಲಿರುವ ಒಂದೇ ಕೋಣೆ, ಒಂದೇ ಕೂಲರು, ಒಂದೇ ಸ್ಪ್ರಿಂಗ್ ಮಂಚ ಅವಳ ಪಾಲಾಯಿತು. ಅಪ್ಪ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಮನೆಯಲ್ಲಿ ಓಡಾಡತೊಡಗಿದರು. ಅವ್ವ ದಿನವೂ ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಮಾತಾಡತೊಡಗಿದಳು. ಅಡಿಗೆಯಲ್ಲಿ ಖಾರ ನಿಂತುಹೋಯಿತು. ಮಲ್ಲಿಗೆ ಬ್ರೆಡ್ಡು, ಬಾಳೆಹಣ್ಣು, ಬಿಳಿ ಬಿಳಿ ಮೊಸರನ್ನ. ಇದನ್ನು ಕೇಳಿದ ಮಾವನಿಗೆ ಅವಮಾನವಾಯಿತು. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದವಾ, ಅದು ಯಾರ ನಾಲಿಗಿನೂ ಸುಡೂದಿಲ್ಲ. ನಮ್ಮ ಮನಿಗೆ ಬಂದಾಕಿಗೆ ಬಿಳೀ ಅನ್ನ ಹಾಕಿ ಕಳಸ್ತಿಯಲ್ಲ, ಅಕೀ ಊರಾಗ ಹೋಗಿ ಏನ ಹೇಳ್ಯಾಳು?" ಎಂದು ಫೋನಿನಲ್ಲಿ ಕೂಗಾಡಿದ. ಅವ್ವ ಕೇಳಲಿಲ್ಲ. ಮಲ್ಲಿ ತಟ್ಟೆ ತೊಳೆಯಲು ಹೋದರೆ ಕಸಿದುಕೊಳ್ಳುವಳು. ಕಸ ಗುಡಿಸಲು ಹೋದರೆ ಕೈ ಹಿಡಿದು ಕೂಡಿಸುವಳು. ಪಾಪ ಆ ಹುಡುಗಿ ದಿನವಿಡೀ ಸೋಫಾದ ಮೇಲೆ ಬಂದವರಿಗೆಲ್ಲ ನಮಸ್ಕಾರ ಮಾಡುತ್ತ ಕೂತಿರುತ್ತಿತ್ತು, ಮದುವೆಮನೆಯಲ್ಲಿ ಕೂಡಿಸಿದ ಮದುಮಗಳ ಹಾಗೆ.

ನಾನು ಕಾಲೇಜಿನಿಂದ ಬಂದ ಮೇಲೆ ಅವಳನ್ನು ಸುತ್ತಾಡಿಸಬೇಕು. ಕುಮಾರಪಟ್ಟಣದ ಹತ್ತಿರ ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮಾರ್ಕೆಟ್ಟು ತೋರಿಸಿದೆ. ಅವಳು "ಸಾಕ್ರಿ", "ಬ್ಯಾಡ್ರಿ", "ಹೌದ್ರಿ" ಕಲಿತಳು. ಕಲಿತದ್ದರಲ್ಲಿ "ಸಾಕ್ರಿ"ಯೇ ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಎರಡನೇ ವಾರದ ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಬಟ್ಟೆ ತೆಗೆಯಲು ಹೋದವಳು ನೀರಿನ ಟಾಕಿಯ ಹಿಂದೆ ಅವಳು ಕೂತಿದ್ದನ್ನು ಕಂಡೆ. ಮುಖವೆಲ್ಲ ಕೆಂಪಾಗಿತ್ತು. ಬಹಳ ಹೊತ್ತಿನಿಂದ ಅತ್ತಿರಬೇಕು. ಏನಾಯಿತೆಂದು ಕೇಳಿದೆ. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಎಲ್ಲರೂ ತುಂಬ ಒಳ್ಳೆಯವರು, ತನಗೆ ಏನೂ ಕಡಿಮೆಯಿಲ್ಲ, ಆದರೆ ಈ ಮನೆಯಲ್ಲಿ ತಾನು ಒಂದು ಲೋಟ ನೀರನ್ನೂ ತಾನೇ ತೆಗೆದುಕೊಂಡು ಕುಡಿದಿಲ್ಲ, ಯಾಕೋ ತನ್ನ ಮನೆ ಬಹಳ ನೆನಪಾಗುತ್ತಿದೆ.

ನಾನು ಅವಳ ಪಕ್ಕ ಕೂತೆ. ಅವಳನ್ನು ಸಮಾಧಾನ ಮಾಡಬೇಕಿತ್ತು. ಮಾಡಿದೆ ಕೂಡ. ಆದರೆ ಮಾಡುತ್ತಲೇ ನನ್ನ ಲೆಕ್ಕ ಹಾಕತೊಡಗಿದೆ. ಇಷ್ಟು ಎತ್ತರದ, ಇಷ್ಟು ದೊಡ್ಡ ಚೀಲ ಹೊರುವ ಹುಡುಗಿ ಎರಡನೇ ವಾರಕ್ಕೇ ಟಾಕಿಯ ಹಿಂದೆ ಕೂತು ಅಳುತ್ತಾಳೆ. ಬ್ಯಾಡಗಿಯಿಂದ ಜ್ವರ ಬರಿಸಿಕೊಂಡು ಬಂದ ನಾನು ಒಂದು ವರ್ಷ ಎಲ್ಲಿ ಕೂತು ಅಳಲಿ? ಅಂದು ಸಂಜೆ ಬಟ್ಟೆ ಮಡಚುತ್ತ ನಿಶ್ಚಯಿಸಿದೆ: ನಾಲ್ಕು ವಾರ ಸಾಕು. ಅವ್ವ ಹೇಳಿದ್ದೇ ಸರಿ, ಮಾವ ಹೇಳಿದ್ದೇ ಸರಿ, ಚಾಚಿ ಹೇಳಿದ್ದಂತೂ ಇನ್ನೂ ಸರಿ. ಇದನ್ನು ಯಾರಿಗೂ ಹೇಳಲಿಲ್ಲ. ಇಷ್ಟು ದಿನ ಮುಖ ಗಂಟಿಕ್ಕಿಕೊಂಡು ತಿರುಗಿದವಳು ತಾನಾಗಿ ಸೋಲೊಪ್ಪುವುದು ಹೇಗೆ? ಅವರೇ ಇನ್ನೊಮ್ಮೆ "ನಾಲ್ಕ ವಾರ" ಎನ್ನಲಿ, ಆಗ ದೊಡ್ಡ ಮನಸ್ಸು ಮಾಡಿದಂತೆ ಒಪ್ಪಿದರಾಯಿತು ಎಂದುಕೊಂಡೆ.

ಮಲ್ಲಿ ಹೊರಡುವ ಹಿಂದಿನ ದಿನ ಮುಂಜಾನೆ. ಅವಳ ಚೀಲ ಕಟ್ಟಿ ಪಡಸಾಲೆಯಲ್ಲಿ ಇಟ್ಟಾಗಿತ್ತು. ಅವ್ವ ಹಿತ್ತಲಿನಲ್ಲಿದ್ದಳು. ಮಲ್ಲಿ ಸುಮ್ಮನೆ ಅಡಿಗೆಮನೆಗೆ ಹೋಗಿ, ಎಲ್ಲರ ತಟ್ಟೆ ಹಾಕಿ, ರೊಟ್ಟಿ ಇಟ್ಟು, ಆಗತಾನೆ ತೊಳೆದ ಚಮಚವನ್ನು ಹಾಗೇ ಉಪ್ಪಿನಕಾಯಿಯ ಭರಣಿಗೆ ಇಳಿಸಲು ಹೋದಳು. ಹಿತ್ತಲಬಾಗಿಲಿನಿಂದ ಒಳಗೆ ಬಂದ ಅವ್ವ ಅದನ್ನು ನೋಡಿದಳು. ವರ್ಷಕ್ಕಾಗುವ ಉಪ್ಪಿನಕಾಯಿ ಅದು.

"ಏ, ಕಣ್ಣ ಎಲ್ಲಿ ಇಟ್ಟಿಯವಾ? ಹಸೀ ಚಮಚಾ ಭರಣ್ಯಾಗ ಹಾಕ್ತಾರೇನು? ಬೂಸರ ಬಂತಂದ್ರ ಯಾರ ತಿನ್ನಬೇಕು ಅದನ್ನ? ಇಷ್ಟ ದೊಡ್ಡಾಕಿ ಆಗಿ ಅಷ್ಟೂ ತಿಳಿಯಂಗಿಲ್ಲೇನು?"

ನಾಲ್ಕು ವಾರದ ಮೆತ್ತನೆಯ ದನಿ ಎತ್ತ ಹೋಯಿತೋ, ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ದನಿ. ಅಂಗಳದಲ್ಲಿದ್ದ ಅಪ್ಪ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವ್ವ ತಾನೇ ಬೆಚ್ಚಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಮಲ್ಲಿ ಚಮಚ ಹಿಡಿದು ನಿಂತೇ ಇದ್ದಳು.

"ಅವ್ವ ಬೈದ್ರು?" ಎಂದು ನನ್ನಿಂದ ಕಲಿತ ಕನ್ನಡದಲ್ಲೇ ನನ್ನನ್ನು ಕೇಳಿದಳು.

ಹಾಗೇನಿಲ್ಲ, ಸುಮ್ಮನೆ ಅಂದಳು ಎಂದು ಸುಳ್ಳು ಹೇಳಬಹುದಿತ್ತು. "ಹೂಂ, ಬೈದ್ಲು," ಎಂದೆ, ಚಮಚದಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ತೋರಿಸಿ.

ಅವಳು ಚಮಚವನ್ನು ತನ್ನ ಅಂಗಿಗೆ ಒರೆಸಿ ಒಣಗಿಸಿ ಅವ್ವನಿಗೆ ತೋರಿಸಿದಳು. ಅವ್ವ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿ, "ಹಿಂಗ. ಹಿಂಗ ಇರ್ಬೇಕು," ಎಂದು ತಿರುಗಿ ಕೊಟ್ಟಳು. ಅಂದು ಮಲ್ಲಿ ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂದಳು. ಕಣ್ಣಲ್ಲಿ ನೀರು ಬಂದರೂ "ಸಾಕ್ರಿ" ಎನ್ನಲಿಲ್ಲ. ತಿಂದಾದ ಮೇಲೆ ತನ್ನ ತಟ್ಟೆಯ ಜೊತೆ ನನ್ನ ತಟ್ಟೆಯನ್ನೂ ತೊಳೆದಳು. ಅವ್ವ ಕಸಿದುಕೊಳ್ಳಲಿಲ್ಲ.

ಮಧ್ಯಾಹ್ನ ಬ್ಯಾಡಗಿಯಲ್ಲಿ ಮಾವನ ಮನೆಯಲ್ಲಿ ಅವಳಿಗೆ ಬೀಳ್ಕೊಡುಗೆಯ ಊಟ. ಮಾವ ಕೆಂಪಗಿನ ಎಣ್ಣೆಗಾಯಿ ಬಡಿಸಿ, ತನ್ನ ಊರಿನ ಬಣ್ಣ ತೋರಿಸಿ, ಮೀಸೆ ತಿರುವುತ್ತ ಮಾತಿಗೆ ಸುರುಮಾಡಿದ.

"ಆತಲ್ಲ ಕಮಲಾ, ಈಗ ನೀನs ನೋಡಿದಿ. ನಾಲ್ಕ ವಾರದಾಗ ಹುಡುಗಿ ಬಂದ್ಲು, ನೋಡಿದ್ಲು, ಹೊಂಟ್ಲು. ಯಾರಿಗೂ ತ್ರಾಸಿಲ್ಲ. ನಮ್ಮ ನೀಲಾನೂ ಹಂಗ ಹೋಗಿ ಬರ್ಲಿ. ನಾಳೆ ಡಾಕ್ಟರಿಗೆ ಹೇಳಿಬಿಡ್ರಿ."

ನಾನು ದೊಡ್ಡ ಮನಸ್ಸು ಮಾಡಲು ಸಿದ್ಧಳಾಗಿ ನೆಟ್ಟಗೆ ಕೂತೆ.

"ಏನ ನೋಡಿದ್ಲು?" ಎಂದಳು ಅವ್ವ.

"ಅಂದ್ರ?"

"ಈ ಹುಡುಗಿ ನಮ್ಮ ಮನ್ಯಾಗ ಏನ ನೋಡಿದ್ಲು ಅಂತ ಕೇಳಾಕತ್ತೇನಿ. ನಾಲ್ಕ ವಾರ ನಾ ಇಸ್ತ್ರಿ ಸೀರಿ ಉಟ್ಟೇನಿ, ಮೆತ್ತಗ ಮಾತಾಡೇನಿ, ಇವರಿಗೆ ಒಂದ ಮಾತ ಬಿರುಸ ಅಂದಿಲ್ಲ. ಈಕಿ ನೋಡಿದ್ದು ಆ ಕಮಲಾನ್ನ. ಅಕೀ ಯಾರೋ ನನಗ ಗೊತ್ತಿಲ್ಲ. ಇವತ್ತ ಮುಂಜಾನೆ ನನ್ನ ಬಾಯಿಂದ ಒಂದ ಖರೇ ಮಾತ ಬಂತು. ನಾಳೆ ಈಕೀ ಗಾಡಿ."

"ಅದಕ್ಕ?"

"ಅದಕ್ಕ, ನಾಲ್ಕ ವಾರಕ್ಕ ಹೋದ್ರ ಬೀಗರ ಮನಿಗೆ ಹೋಗಿ ಬಂದಂಗ. ನೀಲಾ ಹೋಗೂದಾದ್ರ ವರ್ಷಕ್ಕ ಹೋಗ್ಲಿ. ಇಲ್ಲಂದ್ರ ಬ್ಯಾಡ."

ಮಾವ ನಕ್ಕ. "ನಿನಗ ಏನ ತಿಳೀತೈತಿ ಹೊರದೇಶದ್ದು?"

"ಧಾರವಾಡದ್ದು ತಿಳೀತೈತಿ," ಎಂದಳು ಅವ್ವ. ದನಿ ಏರಿಸಲಿಲ್ಲ. "ಕಾಲೇಜ ಕಲೀತೇನಿ, ಧಾರವಾಡದಾಗ ಹಾಸ್ಟೆಲಿಗೆ ಇಡ್ರಿ ಅಂದೆ. ಅಷ್ಟ ದಿನ ಬ್ಯಾಡ, ಒಂದ ತಿಂಗಳ ಹೊಲಿಗಿ ಕಲ್ತ ಬಾ ಅಂದ್ರಿ ನೀವು. ಹೋದೆ. ಸೂಜ್ಯಾಗ ದಾರ ಪೋಣಸೂದು, ಕಾಜಾ ಹಾಕೂದು ಕಲಿಸೂದ್ರಾಗ ತಿಂಗಳ ಮುಗೀತು. ಮಶೀನಿನ ಮ್ಯಾಲೆ ಕಾಲ ಇಟ್ಟಿದ್ದಿಲ್ಲ ನಾ. ತಿರುಗಿ ಬಂದಾಗ ನೀನs ಎಲ್ಲಾರ ಮುಂದ ಹೇಳಿದಿ, ನಮ್ಮ ಕಮಲಾ ಧಾರವಾಡದಾಗ ಕಲ್ತ ಬಂದಾಳ ಅಂತ."

ಈ ಕಥೆಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಕೇಳಿದ್ದರೋ ಇಲ್ಲವೋ, ಅವರ ಮುಖದಿಂದ ತಿಳಿಯಲಿಲ್ಲ. ಮಲ್ಲಿಗೆ ಮಾತು ಅರ್ಥವಾಗದಿದ್ದರೂ ಉಣ್ಣುವುದನ್ನು ಬಿಟ್ಟು ಅವ್ವನನ್ನೇ ನೋಡುತ್ತಿದ್ದಳು. ಮಾವ ತನ್ನ ತಟ್ಟೆಗೆ ಇನ್ನೊಂದು ಎಣ್ಣೆಗಾಯಿ ಹಾಕಿಕೊಂಡು, "ಆತು, ವರ್ಷಕ್ಕ ಹೋಗ್ಲಿ. ಕೋಟ ಹೆಂಗೂ ಐತಿ," ಎಂದ.

ಮರುದಿನ ಮಲ್ಲಿಯನ್ನು ರಾಣೆಬೆನ್ನೂರಿನ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಬಂದೆವು. ಅವ್ವ ಅವಳ ಕೈಯಲ್ಲಿ ಉಪ್ಪಿನಕಾಯಿಯ ಡಬ್ಬಿ ಇಟ್ಟು ಒಣ ಚಮಚದ ಬಗ್ಗೆ ಇನ್ನೊಮ್ಮೆ ಎಚ್ಚರಿಕೆ ಕೊಟ್ಟಳು. ಅಷ್ಟರಲ್ಲಿ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಖೈರೂನ್ ಚಾಚಿ ಬಂದು, "ವರ್ಷಕ್ಕs ಹೋಗಬೇಕು ಬೇಟಾ, ನಾ ಮೊದ್ಲಿಂದ ಅದನ್ನs ಹೇಳಾಕತ್ತೇನಿ," ಎಂದಳು. ನನಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನು ವರ್ಷ ಎಂದಾಗ ಇಡೀ ಊರು ನಾಲ್ಕು ವಾರ ಎಂದಿತು. ನಾನು ನಾಲ್ಕು ವಾರಕ್ಕೆ ಬಂದು ನಿಂತೆ, ಊರೇ ಎದ್ದು ವರ್ಷದ ಕಡೆ ಹೋಯಿತು. ಎರಡೂ ಸಲ ಯಾರೂ ನನ್ನನ್ನು ಕೇಳಲಿಲ್ಲ.

ಸಂಜೆ ಡಾಕ್ಟರಿಗೆ ಉತ್ತರ ಹೇಳಲು ಹೋಗಬೇಕಿತ್ತು. ಅಪ್ಪನನ್ನು ಕರೆಯಲು ಅಂಗಡಿಗೆ ಹೋದೆ. ಅವರು ನೆಲದ ಮೇಲೆ ಕೂತು ಒಂದು ಮೋಟರಿಗೆ ತಂತಿ ಸುತ್ತುತ್ತಿದ್ದರು. ತಲೆ ಎತ್ತದೆ ಕೇಳಿದರು:

"ನಿನಗ ಹೆಂಗ ಅನಸ್ತೈತಿ?"

ಇಷ್ಟು ತಿಂಗಳು ನಾನು ಕಾದಿದ್ದ ಪ್ರಶ್ನೆ ಅದು. ಯಾರಾದರೂ ಕೇಳಿದರೆ ಹೇಳಬೇಕೆಂದು ಎಷ್ಟೆಲ್ಲ ಉರು ಹೊಡೆದಿದ್ದೆ. ಅದೆಲ್ಲ ಬಿಟ್ಟು ಅವರ ಎದುರು ಕಟ್ಟಿಗೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಅಂಜಿಕಿ ಬರಾಕತ್ತೈತಿ ಅಪ್ಪಾ. ನಾಲ್ಕ ವಾರ ಸಾಕು ಅನಸ್ತೈತಿ."

"ನಾಲ್ಕ ವಾರಕ್ಕ ಹೋಗಾಕ ಅಂಜಿಕಿ ಇಲ್ಲೇನು?"

"ಅದಕ್ಕೂ ಐತಿ."

"ಅಷ್ಟs ಐತೇನು?"

ಎರಡನ್ನೂ ತೂಗಿ ನೋಡಿದೆ. "ಅಷ್ಟs ಐತಿ."

ಅಪ್ಪ ತಂತಿಯನ್ನು ಹಲ್ಲಿನಿಂದ ಕಡಿದು ತುದಿ ತಿರುಚಿದರು. "ಹಂಗಾರ ಅಂಜಿಕೀನ ಬಿಟ್ಟ ವಿಚಾರ ಮಾಡು," ಎಂದರು.

ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾವೇರಿ, ಹಾವೇರಿ ಎಂದು ಕಂಡಕ್ಟರ್ ಕೂಗುವುದು ಕೇಳುತ್ತಿತ್ತು. ಅಂಜಿಕೆಯನ್ನು ಬಿಟ್ಟು ವಿಚಾರ ಮಾಡಿದೆ. ಮಲ್ಲಿಯ ಹಾಗೆ ಸೋಫಾದ ಮೇಲೆ ಕೂತು ಬರಲು ನನಗೆ ಮನಸ್ಸಿರಲಿಲ್ಲ.

"ವರ್ಷಕ್ಕ ಹೋಗ್ತೇನಿ ಅಪ್ಪಾ."

"ನೋಡೂಣು," ಎಂದರು ಅಪ್ಪ, ಕೈ ಒರೆಸಿಕೊಳ್ಳುತ್ತ. ಆದರೆ ಎದ್ದು ಚಪ್ಪಲಿ ಮೆಟ್ಟಿ ಡಾಕ್ಟರ ಮನೆಯ ದಾರಿ ಹಿಡಿದರು.

ಮರುವರ್ಷ ಹೋದೆ. ಮಲ್ಲಿಯ ಊರಿನಿಂದ ದೂರದ ಒಂದು ಸಣ್ಣ ಊರು. ಮನೆಯೊಡತಿಯ ಹೆಸರು ಬಿರ್ಗಿಟ್. ಒಳ್ಳೆಯ ಹೆಂಗಸು. ನನಗೂ ಬಾಗಿಲಿರುವ ಕೋಣೆ ಕೊಟ್ಟರು, ನನ್ನ ಕೈಯಿಂದಲೂ ತಟ್ಟೆ ಕಸಿದುಕೊಂಡರು. ಮೊದಲ ತಿಂಗಳು ಚಾಚಿ ಹೇಳಿದ ಹಾಗೆ ಅತ್ತೆ. ನಾಲ್ಕು ವಾರ ತುಂಬಿದ ದಿನ, ಆ ಮನೆಯಲ್ಲಿ ನನಗೆ ಗೊತ್ತಿದ್ದದ್ದು ಚಮಚ ಎಲ್ಲಿಡುತ್ತಾರೆ ಎಂಬುದು ಮಾತ್ರ. ಎರಡನೇ ತಿಂಗಳು ಶಾಲೆಯಲ್ಲಿ ಒಬ್ಬಳು ಗೆಳತಿಯಾದಳು. ಆಮೇಲೆ ಅಳುವುದನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ.

ಚಳಿ ಬಿದ್ದ ಮೇಲೆ ಒಂದು ದಿನ ಶಾಲೆಯಿಂದ ಬಂದು ಹೊರಬಾಗಿಲನ್ನು ಹಾಗೇ ಬಿಟ್ಟು ಒಳಗೆ ಹೋದೆ. ಬಿರ್ಗಿಟ್ ಮಹಡಿಯಿಂದ ಇಳಿದು ಬಂದು ನೋಡಿದಳು. ಅಷ್ಟು ದಿನ ಪದಕ್ಕೊಂದು ಮುಗುಳ್ನಗೆ ಸೇರಿಸಿ ಮಾತಾಡುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು ಡ್ಯಾನಿಶ್‌ನಲ್ಲಿ ಶುರುಮಾಡಿದಳು. ಒಂದು ಶಬ್ದವನ್ನೂ ತಲೆಯಲ್ಲಿ ಅನುವಾದ ಮಾಡಿಕೊಳ್ಳಬೇಕಾಗಲಿಲ್ಲ. ಎಲ್ಲ ನೇರವಾಗಿ ತಿಳಿಯಿತು.

ಭಾನುವಾರ ಫೋನಿನಲ್ಲಿ ಅವ್ವನಿಗೆ ಹೇಳಿದೆ, "ಯವ್ವಾ, ಇವರು ನನ್ನ ಬೈದ್ರು."

"ಏನಂತ ಬೈದ್ಲು?"

"ಬಾಗ್ಲಾ ಹಾಕಾಕ ಬರಂಗಿಲ್ಲೇನು, ಊರಿಗೆಲ್ಲಾ ನಾವ ಬೆಂಕಿ ಕಾಸಬೇಕೇನು ಅಂದ್ಲು."

ಅವ್ವ ಇನ್ನು ಅಳುವಳೇನೋ ಎಂದುಕೊಂಡೆ.

"ಬರೋಬ್ಬರಿ ಅಂದಾಳ," ಎಂದಳು ಅವ್ವ. "ಇಲ್ಲಿದ್ದಾಗೂ ನೀ ಒಂದ ದಿನ ಬಾಗ್ಲಾ ಹಾಕಿದಾಕಿ ಅಲ್ಲ. ಅಕೀ ಕೈಯಾಗ ಫೋನ ಕೊಡು."

"ನಿನಗ ಅಕೀ ಭಾಷಾ ಬರಂಗಿಲ್ಲ, ಯವ್ವಾ."

"ಕೊಡು ಅಂದೇನಿ."

ಕೊಟ್ಟೆ. ಅವ್ವ ರಾಣೆಬೆನ್ನೂರಿನಿಂದ ತನ್ನ ಮಾತಿನಲ್ಲಿ ಏನೋ ಹೇಳಿದಳು. ಬಿರ್ಗಿಟ್ ಹುಬ್ಬೇರಿಸಿ ಕೇಳಿ, ಬಾಗಿಲಿನ ಕಡೆ ಕೈ ಮಾಡಿ ತನ್ನ ಮಾತಿನಲ್ಲಿ ಏನೋ ಹೇಳಿದಳು. ಆ ಕಡೆಯಿಂದ ಇನ್ನಷ್ಟು ಬಂತು, ಈ ಕಡೆಯಿಂದ ಇನ್ನಷ್ಟು ಹೋಯಿತು. ಇಬ್ಬರೂ ತಲೆಯಾಡಿಸುತ್ತ, ನಡುನಡುವೆ ನಿಟ್ಟುಸಿರು ಬಿಡುತ್ತ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನನ್ನ ಮೇಲೆ ಬಹಳ ಹೊತ್ತು ದೂರಿಕೊಂಡರು. ನಾನು ಕಾದು ಕಾದು ಸಾಕಾಗಿ ಎದ್ದು ಹೋಗಿ, ಹಾಕಿದ್ದ ಬಾಗಿಲನ್ನೇ ಇನ್ನೊಮ್ಮೆ ಒತ್ತಿ ಹಾಕಿ ಬಂದೆ.